ಇಬ್ಬರನ್ನು ಹೊರುವ ಇಂಜಿನ್

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ದೇವರು ಒಂದು ದಿನ ಗಾಳಿ ಹಂಚಲು ಕೂತನಂತೆ. ನದಿ ನಸುಕಿಗೇ ಎದ್ದು ಓಡಿಹೋಗಿ ದಪ್ಪ ಕಂಬಳಿಯಂಥ ಗಾಳಿಯನ್ನು ಹೊದ್ದುಕೊಂಡು ಬಂತು. ಬೆಟ್ಟದ್ದು ಮೈಭಾರ, ಏಳುವುದೇ ನಿಧಾನ. ಅದು ಹೋಗುವಷ್ಟರಲ್ಲಿ ಮಿಕ್ಕಿದ್ದು ಸವೆದ ಬಟ್ಟೆಯಂಥ ತೆಳು ಗಾಳಿ ಮಾತ್ರ. ಅಂದಿನಿಂದ ಮೇಲಿನವರು ಅರ್ಧ ಉಸಿರಿನಲ್ಲೇ ಬದುಕುವುದನ್ನು ಕಲಿತರು. “ಆದ್ರೆ ಕೆಳಗಿಳಿಯುವಾಗ ಹುಷಾರು,” ಎಂದು ಬೆತ್ಸಾಬೆ ಕಥೆ ಮುಗಿಸುತ್ತಿದ್ದಳು. “ಅರ್ಧ ಉಸಿರಿಗೆ ಒಗ್ಗಿದೋನಿಗೆ ಇಡೀ ಗಾಳಿ ಸಿಕ್ರೆ ಎದೆ ಹಿಡ್ಕೊಳ್ಳುತ್ತೆ.”

ಆ ಕಥೆ ಕೇಳುತ್ತ ಬೆಳೆದ ಅವಳ ಮಗ ಓತೊನಿಯೆಲ್, ಬೆಟ್ಟದ ಮೇಲಿನ ಸೆದ್ರಾಲ್ ಊರಿಗೆ ಮೆಕ್ಯಾನಿಕ್ ಆದ. ಅವನ ಕಸುಬಿನಲ್ಲಿ ಕಥೆ ಅಕ್ಷರಶಃ ನಿಜವಾಗಿತ್ತು. ತೆಳು ಗಾಳಿಯಲ್ಲಿ ಟೂ-ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲು ಕಡಿಮೆ ಸಾಕು. ಅದಕ್ಕೆಂದೇ ಕಾರ್ಬುರೇಟರಿನೊಳಗೆ ಸೂಜಿಮೊನೆಯಷ್ಟು ತೂತಿರುವ ಹಿತ್ತಾಳೆಯ ಪುಟ್ಟ ಜೆಟ್ ಕೂರಿಸುತ್ತಾರೆ. ಅದೇ ಜೆಟ್ಟಿನಲ್ಲಿ ನದಿಯ ತಗ್ಗಿಗೆ ಇಳಿದರೆ ಪೆಟ್ರೋಲೂ ಅದರಲ್ಲಿ ಬೆರೆತ ಆಯಿಲೂ ಸಾಲದೆ ಪಿಸ್ಟನ್ ಕಾದು, ಉಬ್ಬಿ, ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಓಡುವ ಬೈಕಿನ ಹಿಂದಿನ ಚಕ್ರ ಇದ್ದಲ್ಲೇ ನಿಂತುಬಿಡುತ್ತದೆ. ಹಾಗಾಗಿ ಸೆದ್ರಾಲಿನವರು ಕೆಳಗಿಳಿಯುವಾಗ ಅರ್ಧ ದಾರಿಯ ಮಾತೆಯ ಗುಡಿಯ ತಿರುವಿನಲ್ಲಿ ನಿಂತು, ಶಿಲುಬೆಯ ಗುರುತು ಮಾಡಿಕೊಂಡು, ಜೇಬಿನ ಬೆಂಕಿಪೊಟ್ಟಣದಿಂದ ದೊಡ್ಡ ತೂತಿನ ‘ತಗ್ಗಿನ ಜೆಟ್’ ತೆಗೆದು ಹಾಕಿಕೊಂಡು ಮುಂದೆ ಹೋಗುತ್ತಾರೆ. ಏರಿ ಬರುವಾಗ ಮತ್ತೆ ಅದಲುಬದಲು.

ಮೂರು ವರ್ಷದ ಹಿಂದೆ ಓತೊನಿಯೆಲ್‌ನ ಒಬ್ಬನೇ ಮಗ, ತಾಯಿಯಿಲ್ಲದೆ ಅಜ್ಜಿಯ ಮಡಿಲಲ್ಲಿ ಬೆಳೆದ ಎಲ್ಕಿನ್, ತನ್ನ ಎಂಬತ್ತು ಸಿಸಿ ಬೈಕಿನಲ್ಲಿ ತಗ್ಗಿಗೆ ಹೋದವನು ಮರಳಲಿಲ್ಲ. ನದಿಗೆ ಇನ್ನು ಎರಡು ತಿರುವಿದೆ ಎನ್ನುವಾಗ ಪಿಸ್ಟನ್ ಕಚ್ಚಿಕೊಂಡು ಇಂಜಿನ್ ಸೀಜ್ ಆಗಿತ್ತು. ಅವನ ತಗ್ಗಿನ ಜೆಟ್ ಆ ಹೊತ್ತು ಎಲ್ಲಿತ್ತೆಂಬುದು ಓತೊನಿಯೆಲ್‌ಗೆ ಮಾತ್ರ ಗೊತ್ತಿತ್ತು. ಯಾರಿಗೂ ಅವನು ಅದನ್ನು ಹೇಳಿರಲಿಲ್ಲ.

ಆಲೂಗಡ್ಡೆ ಅಗೆತ ಮುಗಿದ ವಾರ, ಬೆತ್ಸಾಬೆ ಕೋಲೂರಿಕೊಂಡು ಅಂಗಡಿಗೆ ಬಂದಳು. ಅರಿವೆಯಲ್ಲಿ ಸುತ್ತಿದ್ದ, ಎಲ್ಕಿನ್ ಬೈಕಿನ ಸಿಲಿಂಡರನ್ನು ಮಗನ ಮುಂದಿಟ್ಟಳು.

“ಅವ್ವ, ಇದನ್ಯಾಕೆ ತಂದೆ?”

“ನೀನು ತರ್ತೀಯ ಅಂತ ಮೂರು ವರ್ಷ ಕಾದೆ. ನನ್ನ ಕಣ್ಣಿಗೆ ಪೊರೆ ಬಂದಿದೆ, ನಿನ್ನ ಮೂಗು ಎಲ್ಲಿದೆ ಅಂತಾನೂ ಅಂದಾಜಲ್ಲೇ ಹೇಳ್ಬೇಕು. ಪೂರ್ತಿ ಕತ್ತಲಾಗೋಕೆ ಮುಂಚೆ ಮಗು ಬಿದ್ದ ಜಾಗ ನೋಡ್ಬೇಕು.”

“ಅಲ್ಲಿಗೆ ಜೀಪ್ ಹೋಗಲ್ಲ. ಹೇಸರಗತ್ತೆ ಮೇಲೆ—”

“ಈ ಸೊಂಟ ಇಟ್ಕೊಂಡು ಹೇಸರಗತ್ತೆ ಹತ್ತಿದ್ರೆ ಎರಡು ಶಿಲುಬೆ ನೆಡ್ಬೇಕಾಗುತ್ತೆ. ಬೈಕಲ್ಲಿ ಕರ್ಕೊಂಡು ಹೋಗು.”

“ಎಂಬತ್ತು ಸಿಸಿ ಇಬ್ಬರನ್ನ ಎಳೆಯಲ್ಲವ್ವ. ಇಳಿಯೋದು ಇಳಿಯುತ್ತೆ, ಆ ಏರು ಹತ್ತಲ್ಲ.”

“ಗೊತ್ತು. ಅದಕ್ಕೇ ಅಲ್ವೇನೋ ಅವನು ನಿನ್ನ ಬೆನ್ನು ಬಿದ್ದಿದ್ದು? ‘ಅಪ್ಪಾ, ಇಂಜಿನ್ ದೊಡ್ಡದು ಮಾಡ್ಕೊಡು, ಅಜ್ಜೀನ ಅವಳು ಹುಟ್ಟಿದ ನದೀ ದಡಕ್ಕೆ ಕರ್ಕೊಂಡು ಹೋಗಿ ಬರ್ತೀನಿ’ ಅಂತ. ನೀನೇನಂದೆ?”

ಓತೊನಿಯೆಲ್ ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತಲೇ ಇದ್ದ.

“ಆಲೂಗಡ್ಡೆ ಅಗೆತ ಮುಗೀಲಿ, ಮಾಡ್ಕೊಡ್ತೀನಿ ಅಂದೆ,” ಎಂದ ಕೊನೆಗೆ.

“ಮುಗೀತು,” ಎಂದಳು ಅವಳು.

ಸಿಲಿಂಡರ್ ಕೊರೆಯುವ ಯಂತ್ರ ಇದ್ದದ್ದು ಪಕ್ಕದ ಊರಿನ ಲಿಬಾರ್ದೊನ ಬಳಿ. ಇಬ್ಬರೂ ಒಂದೇ ಗುರುವಿನ ಕೈಕೆಳಗೆ ಕೆಲಸ ಕಲಿತವರು.

“ಬಾರಯ್ಯ ಮಹರಾಯ, ಸತ್ತಿದ್ದೀಯ ಅಂತ ನಿನ್ನ ಹೆಸರಲ್ಲಿ ಮೇಣದ ಬತ್ತಿ ಹಚ್ಚೋಣ ಅಂತಿದ್ದೆ!” ಎಂದು ನಗುತ್ತ ಬಂದ ಲಿಬಾರ್ದೊ, ಅರಿವೆ ಬಿಚ್ಚಿದ್ದೇ ನಗು ನಿಲ್ಲಿಸಿದ. ಸಿಲಿಂಡರಿನ ಒಳಗೋಡೆಯಲ್ಲಿ ಉದ್ದಕ್ಕೂ ನಾಲ್ಕು ಗೀರು, ಯಾರೋ ಉಗುರಲ್ಲಿ ಪರಚಿದ ಹಾಗೆ.

“ಆಳ ಇದೆ ಕಣೋ,” ಎಂದ ಮೆಲ್ಲಗೆ. “ಹೇಗಿದ್ರೂ ಕೊರೀಲೇಬೇಕು. ಕೊರೆಯೋದೇ ಆದ್ರೆ ದೊಡ್ಡ ಪಿಸ್ಟನ್ನೇ ಕೂರಿಸೋಣ. ನಲವತ್ತೊಂಬತ್ತು ಮಿಲಿಮೀಟರು ಐವತ್ನಾಲ್ಕಕ್ಕೆ ಹೋದ್ರೆ ಎಂಬತ್ತು ಸಿಸಿ ತೊಂಬತ್ತಾರಾಗುತ್ತೆ. ಗೋಡೆ ತಡೆಯುತ್ತೆ.”

“ಗೀರು ಉಳಿಸ್ಕೊಂಡು ಮಾಡೋಕಾಗಲ್ವಾ?”

ಯಾವ ಮೆಕ್ಯಾನಿಕ್ಕೂ ಕೇಳದ ಪ್ರಶ್ನೆ ಅದು. ಲಿಬಾರ್ದೊನ ನಾಲಗೆಯ ತುದಿಗೊಂದು ತಮಾಷೆ ಬಂದಿರಬೇಕು, ನುಂಗಿಕೊಂಡ. “ಆಗಲ್ಲಪ್ಪ,” ಎಂದಷ್ಟೇ ಹೇಳಿದ.

ಓತೊನಿಯೆಲ್ ಬೆರಳು ಇಳಿಸಿ ನಾಲ್ಕೂ ಗೀರುಗಳನ್ನು ಒಂದೊಂದಾಗಿ ಸವರಿದ. ಮಗ ಬದುಕಿದ್ದ ಕೊನೆಯ ಗಳಿಗೆ ಅವುಗಳಲ್ಲಿತ್ತು. ಮಗನದೆಂದು ಬೇರೆ ಗುರುತು ಅವನ ಬಳಿ ಉಳಿದಿರಲಿಲ್ಲ. ಬಟ್ಟೆಬರೆಯೆಲ್ಲ ಅಜ್ಜಿ ಹಂಚಿಬಿಟ್ಟಿದ್ದಳು. “ಶುರು ಮಾಡು,” ಎಂದ. ಯಂತ್ರ ತಿರುಗಿತು. ಮೊದಲ ಸಲಕ್ಕೆ ಎರಡು ಗೀರು ಹೋದವು, ಮರುಸಲಕ್ಕೆ ಇನ್ನೊಂದು. ನಾಲ್ಕನೆಯದು ಬಹಳ ಹೊತ್ತು ಹಟ ಹಿಡಿಯಿತು. ಬಿದ್ದ ಕಬ್ಬಿಣದ ಪುಡಿಯನ್ನು ಅವನು ಕಾಗದದಲ್ಲಿ ಕಟ್ಟಿಕೊಂಡಾಗ ಲಿಬಾರ್ದೊ ಬೇಕೆಂದೇ ಬೇರೆ ಕಡೆ ನೋಡಿದ.

ಆಮೇಲಿನದೆಲ್ಲ ಕೈಕೆಲಸ. ಸಿಲಿಂಡರಿನ ಗೋಡೆಯಲ್ಲಿ ಗಾಳಿ, ಹೊಗೆ ಹಾಯುವ ಕಿಂಡಿಗಳ ಅಂಚು ಹರಿತವಾಗಿ ಉಳಿದರೆ ಪಿಸ್ಟನ್ನಿನ ರಿಂಗು ಸಿಕ್ಕಿ ಮುರಿಯುತ್ತದೆ. ಓತೊನಿಯೆಲ್ ಮೂರು ದಿನ ಕೂತು, ಮಗುವಿನ ಉಗುರು ಕತ್ತರಿಸುವಷ್ಟು ನಾಜೂಕಾಗಿ, ಒಂದೊಂದೇ ಅಂಚನ್ನು ಉಜ್ಜಿ ನಯ ಮಾಡಿದ. ದೊಡ್ಡ ಪಿಸ್ಟನ್ನಿಗೆ ತಕ್ಕಂತೆ ಸಿಲಿಂಡರಿನ ಮುಚ್ಚಳವಾದ ಹೆಡ್ಡಿನ ಒಳಗನ್ನು ಅಗಲ ಮಾಡಿದ. ಜೆಟ್ಟುಗಳನ್ನೂ ಹೊಸದಾಗಿ ಆರಿಸಿದ, ಮೇಲಕ್ಕೊಂದು, ತಗ್ಗಿಗೊಂದು. ಹೊಸ ಇಂಜಿನ್ನನ್ನು ಎರಡು ವಾರ ಊರಲ್ಲೇ ಮೆಲ್ಲಗೆ ಓಡಿಸಿ ಪಳಗಿಸಿದ.

ಶನಿವಾರ ಬೆಳಿಗ್ಗೆ, ಬೆಲ್ಲದ ನೀರು ಕುಡಿದು, ತಾಯಿಯನ್ನು ಹಿಂದೆ ಕೂರಿಸಿ ಕಂಬಳಿಯಿಂದ ತನ್ನ ಸೊಂಟಕ್ಕೆ ಬಿಗಿದುಕೊಂಡ.

“ಕೂಸನ್ನ ಬೆನ್ನಿಗೆ ಕಟ್ಕೊಂಡ ಹಾಗೆ ಕಟ್ಟಿದೀಯಲ್ಲೋ!”

“ಕೂಸಾದ್ರೆ ಬಾಯಿ ಮುಚ್ಕೊಂಡಿರುತ್ತೆ, ಅವ್ವ.”

ಗುಡಿಯ ತಿರುವಿನಲ್ಲಿ ಬೈಕು ನಿಲ್ಲಿಸಿದ. ಕಾರ್ಬುರೇಟರ್ ಬಿಚ್ಚಿ, ಮೇಲಿನ ಜೆಟ್ ತೆಗೆದು, ತಗ್ಗಿನದನ್ನು ಕೈಗೆತ್ತಿಕೊಂಡವನು ಹಾಗೇ ಕೂತುಬಿಟ್ಟ.

“ಅವ್ವ, ಅವತ್ತು ಅವನ ಜೆಟ್ಟು ನನ್ನ ಮೇಜಿನ ಖಾನೇಲಿತ್ತು. ತೊಳೆಯೋಕೆ ಅಂತ ಹಿಂದಿನ ದಿನ ನಾನೇ ತೆಗೆದಿಟ್ಟಿದ್ದೆ. ವಾಪಸ್ ಹಾಕೋದು ಮರೆತೆ, ಹೇಳೋದೂ ಮರೆತೆ. ಅವನ ಪೊಟ್ಟಣ ಖಾಲಿ ಇತ್ತು.”

ಬೆತ್ಸಾಬೆ ಗುಡಿಯ ಕಟ್ಟೆಯ ಮೇಲೆ ಕೂತು ಕೋಲಿನಿಂದ ಮಣ್ಣು ಕೆದಕುತ್ತಿದ್ದಳು. ಆಮೇಲೆ ರವಿಕೆಯೊಳಗಿಂದ ನಜ್ಜುಗುಜ್ಜಾದ ಒಂದು ಬೆಂಕಿಪೊಟ್ಟಣ ತೆಗೆದು ಚಾಚಿದಳು.

“ಅವನ ಜೇಬಲ್ಲಿ ಸಿಕ್ಕಿತ್ತು. ಅಲ್ಲಾಡಿಸಿದೆ, ಸದ್ದಾಗ್ಲಿಲ್ಲ. ಅವತ್ತೇ ಗೊತ್ತಾಯ್ತು ಕಣೋ.”

“ಗೊತ್ತಿದ್ದೂ ಮೂರು ವರ್ಷ ಬಾಯಿ ಬಿಡ್ಲಿಲ್ವಾ?”

“ಬಿಟ್ಟಿದ್ರೆ ನೀನೂ ಕೇಳ್ತಿದ್ದೆ, ಅವನು ಕೆಳಗೆ ಹೋಗಿದ್ದು ಯಾರಿಗೋಸ್ಕರ ಅಂತ.” ಅವಳ ದನಿ ಸಣ್ಣಗಾಯಿತು. “ಇಲ್ಲೇ ನಿಂತು ಪೊಟ್ಟಣ ತೆಗೆದು ನೋಡಿರ್ತಾನೆ. ಖಾಲಿ ಅಂತ ವಾಪಸ್ ಬರಬಹುದಿತ್ತು. ಆದ್ರೆ ಹೊರಡೋ ಮುಂಚೆ ನಾನೇ ಅಂಗಲಾಚಿದ್ದೆ, ತಗ್ಗಿನ ಮಾವಿನಹಣ್ಣು ತಿನ್ನದೆ ಇಪ್ಪತ್ತು ವರ್ಷ ಆಯ್ತು, ಎರಡಾದ್ರೂ ತಂದ್ಕೊಡಪ್ಪ ಅಂತ.”

ಓತೊನಿಯೆಲ್ ಮೇಲಿನ ಜೆಟ್ಟನ್ನು ಆ ಪೊಟ್ಟಣದಲ್ಲಿ ಹಾಕಿ ಜೇಬಿಗಿಳಿಸಿದ. ತಗ್ಗಿನದನ್ನು ತಿರುಗಿಸಿ ಬಿಗಿ ಮಾಡಿದ.

ಕೆಳಗೆ, ಎಲ್ಕಿನ್ ಬಿದ್ದ ಜಾಗದಲ್ಲಿ, ದಾರಿಯ ಬದಿಗೆ ಬಿಳಿ ಬಣ್ಣದ ಮರದ ಶಿಲುಬೆಯಿತ್ತು. ಬೆತ್ಸಾಬೆ ಕಣ್ಣಿಗಿಂತ ಹೆಚ್ಚಾಗಿ ಕೈಯಿಂದ ನೋಡಿದಳು: ಹೆಸರಿನ ಒಂದೊಂದು ಅಕ್ಷರ, ಬುಡದ ಕಲ್ಲು, ಪಕ್ಕದ ಹುಲ್ಲು. ಅವನು ಕಾಗದದ ಕಟ್ಟು ಬಿಚ್ಚಿ ಕಬ್ಬಿಣದ ಪುಡಿಯನ್ನು ಶಿಲುಬೆಯ ಬುಡದ ಮಣ್ಣಿಗೆ ಬೆರೆಸಿದ. ನದಿಯವರೆಗೂ ಹೋದರು. ಅವಳು ನೀರಲ್ಲಿ ಕಾಲು ಇಳಿಬಿಟ್ಟು ಕೂತಳು. ಮಗ ತಂದುಕೊಟ್ಟ ಮಾವಿನಹಣ್ಣನ್ನು ಮೂಸಿದಳು, ತಿನ್ನಲಿಲ್ಲ. ಮರಳುವಾಗ ಶಿಲುಬೆಯ ಬಳಿ ಇಟ್ಟು ಬಂದಳು.

ಇನ್ನುಳಿದದ್ದು ಏರು. ಗುಡಿಯ ತಿರುವಿನಲ್ಲಿ ಅವನು ಮತ್ತೆ ಜೆಟ್ ಬದಲಿಸಿದ. ಇಬ್ಬರು ಕೂತರೆ ಎಂಬತ್ತು ಸಿಸಿ ಯಾವಾಗಲೂ ಏದುಸಿರು ಬಿಟ್ಟು ಸೋಲುತ್ತಿದ್ದ ಕಡೆಯ ಕಡಿದಾದ ಸುತ್ತು ಬಂತು. ಮೊದಲ ಗೇರಿಗಿಳಿಸಿದ. ಇಂಜಿನ್ ಒಮ್ಮೆ ತಡವರಿಸಿತು. ಹಿಂದಿನ ಚಕ್ರ ಜಲ್ಲಿಯಲ್ಲಿ ಜಾರಿ, ಹಿಡಿತ ಸಿಕ್ಕಿ, ಇಬ್ಬರನ್ನೂ ಎಳೆಯಿತು. ಹೊಗೆಯ ವಾಸನೆ, ಬೆನ್ನಿಗೊತ್ತಿದ ತಾಯಿಯ ಒದ್ದೆ ಕೆನ್ನೆ. ಬೆಟ್ಟದ ನೆತ್ತಿಯ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು.

“ಏರಿತೇನೋ?” ಎಂದು ಕೇಳಿದಳು, ಕಾಣದೆ.

“ಏರಿತು, ಅವ್ವ.”