ಚುಕ್ಕಾಣಿ ದುಗ್ಗನ ಪಾಳಿ

ನಾನು ಒಂದು ತೂಕದ ಮನೆಯ ಕಂಪ್ಯೂಟರ್. ಮೇಜಿನ ಮೇಲೆ ಹೊಳೆಯುವ ಪರದೆಯನ್ನೇ ಜನ ಕಂಪ್ಯೂಟರ್ ಅನ್ನುತ್ತಾರೆ. ಅದಲ್ಲ. ಮೇಜಿನ ಕೆಳಗೆ, ಕೂತವರ ಕಾಲಿನ ಪಕ್ಕ ಇರುವ ಕಪ್ಪು ಡಬ್ಬಿ ನಾನು.

ಬಳ್ಳಾರಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನನ್ನು ಕೂಡಿಸಿದರು. ಒಂದೊಂದು ಭಾಗ ಒಂದೊಂದು ಕಡೆಯದು. ಕೆಲವು ಹೊಸವು, ಕೆಲವು ಯಾವುದೋ ಸತ್ತ ಯಂತ್ರದವು. ಕೂಡಿಸಿದವನು ಕೊನೆಯ ತಿರುಪು ಬಿಗಿದು, "ನಡೀತೈತಿ, ಒಯ್ರಿ" ಅಂದ. ಅಲ್ಲಿಂದ ಸಿಂಧನೂರಿನ ರಸ್ತೆಯಲ್ಲಿರುವ ಒಂದು ಅಕ್ಕಿ ಗಿರಣಿಗೆ ಬಂದೆ. ಹೊರಗೆ ನೆಲದಲ್ಲಿ ಹೂತಿದ್ದ ದೊಡ್ಡ ತಕ್ಕಡಿಯ ಮೇಲೆ ಭತ್ತದ ಲಾರಿ ಬಂದು ನಿಲ್ಲುತ್ತಿತ್ತು. ಅದರ ಭಾರವನ್ನು ಚೀಟಿಗೆ ಇಳಿಸುವುದು ನನ್ನ ಕೆಲಸ. ಮೈತುಂಬ ತೌಡಿನ ಧೂಳು. ಮನುಷ್ಯರನ್ನು ನಾನು ಗುರುತಿಸಿದ್ದು ಅವರ ಕಾಲಿನಿಂದಲೇ.

ಮೊದಲು ಬಂದ ಕಾಲು ಅಮರೇಶನವು. ಯಾವಾಗಲೂ ಕುಣಿಯುತ್ತಿದ್ದವು. ಸುಗ್ಗಿ ಮುಗಿದರೆ ತೂಕದ ಮನೆಯಲ್ಲಿ ಕೆಲಸವೇ ಇರುವುದಿಲ್ಲ. ಆ ಬೇಸರಕ್ಕೆ ಅವನು ಒಂದು ಆಟ ಶುರು ಮಾಡಿದ. ಚಿತ್ರ ಓಡುವ, ಗುಂಡು ಹಾರುವ ಆಟವಲ್ಲ, ಬರೀ ಬರವಣಿಗೆ. ಇಂಟರ್‌ನೆಟ್ಟಿನ ಒಂದು ಮೂಲೆಯಲ್ಲಿ ಎಂಟು ಜನ ಸೇರಿ ಕಡಲ್ಗಳ್ಳರ ಹಡಗೊಂದನ್ನು ನಡೆಸುತ್ತಿದ್ದರು. ಹಡಗಿನ ಹೆಸರು ಕರಿಗುದುರೆ. ಒಬ್ಬೊಬ್ಬರೂ ಅದರಲ್ಲಿ ಒಬ್ಬೊಬ್ಬ ಆಳು. ಒಬ್ಬ ನಾಲ್ಕು ಸಾಲು ಬರೆದರೆ, ಅದನ್ನು ಓದಿ ಇನ್ನೊಬ್ಬ ಮುಂದಿನ ನಾಲ್ಕು ಸಾಲು. ದಿನಕ್ಕೊಂದು ಸಲವೂ ಆಗಬಹುದು, ವಾರಕ್ಕೊಂದು ಸಲವೂ ಆಗಬಹುದು. ನಿಜವಾದ ಹೆಸರು ಯಾರೂ ಹೇಳಬಾರದೆಂಬ ಕಟ್ಟಳೆ ಅಮರೇಶನದೇ. ಉಪ್ಪಿನದಿಬ್ಬ ಎಂಬ ದ್ವೀಪ ಮುಟ್ಟುವುದು ಹಡಗಿನ ಗುರಿ.

ಅಮರೇಶನಿಗೆ ಮದುವೆಯಾಯಿತು, ಹೊಸಪೇಟೆಯ ಕಡೆ ಬೇರೆ ಕೆಲಸ ಸಿಕ್ಕಿತು. ಕುರ್ಚಿಗೆ ಹುಲಿಗೆಮ್ಮ ಬಂದಳು. ಹಿಮ್ಮಡಿ ಒಡೆದ, ಅಲುಗಾಡದ ಕಾಲು. ತಂದೆಯ ಜೊತೆ ಗದ್ದೆ ಮಾಡುತ್ತಿದ್ದವಳು, ಅವನು ತೀರಿದ ಮೇಲೆ ಇಲ್ಲಿಗೆ ಬಂದಿದ್ದಳು. ಅಮರೇಶ ಲಾರಿ ತೂಗುವುದನ್ನು ಒಂದು ತಾಸಿನಲ್ಲಿ ಕಲಿಸಿ, ಉಳಿದ ದಿನವೆಲ್ಲ ಹಡಗನ್ನು ಒಪ್ಪಿಸಿದ.

"ಅಲ್ಲೋ ಅಣ್ಣಾ, ನಾ ಸಮುದ್ರಾನ ನೋಡಿಲ್ಲ."

"ನಾನೆಲ್ಲಿ ನೋಡೀನಿ? ಡ್ಯಾಮಿನ ಹಿನ್ನೀರು ನೋಡೀಯಿಲ್ಲೋ? ಅದಕ್ಕ ಒಂದೀಟು ಉಪ್ಪು ಹಾಕ್ಕೋ."

ಹಾಗೆ ಅವಳು ಕರಿಗುದುರೆಯ ನಾಯಕಿಯಾದಳು. ಬರೆಯುವಾಗ ಮಾತ್ರ ನಾಯಕ ಹುಲಿಯ.

ಅವಳಿಗೆ ಸಿಕ್ಕಿದ್ದು ಮುಳುಗುವ ಹಡಗೇ. ಬೆರಳು ಚುರುಕಿದ್ದ ಇಬ್ಬರು ದಿನಕ್ಕೆ ಹತ್ತು ಸಲ ಬರೆದು ಉಳಿದವರನ್ನು ಹಿಂದೆ ಹಾಕುತ್ತಿದ್ದರು. ಉಳಿದವರು ಓದಿ ಮುಗಿಸುವುದರೊಳಗೆ ಹಡಗು ಎಲ್ಲೋ ಹೋಗಿರುತ್ತಿತ್ತು. ಹುಲಿಗೆಮ್ಮ ತಮ್ಮ ಕಾಲುವೆಯ ರೂಢಿ ತಂದಳು. ಕಾಲುವೆ ಕೆಳಗಿನ ಊರುಗಳಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ನೀರಿನ ಪಾಳಿ ಇರುತ್ತದೆ. ಇಲ್ಲಿಯೂ ಹಾಗೆ: ಎಂಟು ಜನಕ್ಕೆ ಎಂಟು ಪಾಳಿ, ಒಬ್ಬರ ಪಾಳಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಬರೆಯುವವರೆಗೆ ಉಳಿದವರು ಕಾಯಬೇಕು. ಚುರುಕಿನವರು ಗೊಣಗಿದರು. ಆದರೆ ಹಿಂದೆ ಬಿದ್ದವರೆಲ್ಲ ಒಬ್ಬೊಬ್ಬರೇ ಹತ್ತಿಬಂದರು. ಹಡಗು ಎತ್ತಿನ ಗಾಡಿಯ ಹಾಗೆ, ನಿಧಾನವಾಗಿ, ಆದರೆ ನಡೆಯಿತು.

ಹಮಾಲರ ಮುಖಂಡ ಖಾಜಾಸಾಬ ಚೀಟಿ ಒಯ್ಯಲು ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಕೆಣಕುತ್ತಿದ್ದ. "ಏನವ್ವಾ ನಾಯಕಿ, ನಿನ್ನ ಹಡಗು ಸಿಂಧನೂರು ದಾಟಿತೋ ಇಲ್ಲೋ?"

"ನಿನ್ನ ಲಾರಿಗಿಂತ ಜೋರೈತಿ ಹೋಗೋ ಮಾಮಾ."

ಆ ಎಂಟು ಜನರಲ್ಲಿ ಇಬ್ಬರ ಬಗ್ಗೆ ಹೇಳಬೇಕು. ಒಬ್ಬ ತೋಪಿನ ಭರಮ, ಹಡಗಿನ ಫಿರಂಗಿ ಹಾರಿಸುವವನು. ಲಿಂಗಸುಗೂರು ಕಡೆಯ ನಿವೃತ್ತ ಬಸ್ ಕಂಡಕ್ಟರ್ ಅನ್ನುವುದು ಅವನ ಬರವಣಿಗೆಯಿಂದಲೇ ತಿಳಿಯುತ್ತಿತ್ತು. ಶತ್ರುವಿನ ಹಡಗಿಗೆ ಹಾರಿದ ಕಡಲ್ಗಳ್ಳರಿಗೆ, "ಒಳಗ ಸರೀರಿ, ಒಳಗ ಜಾಗ ಐತಿ, ಬಾಗಲದಾಗ ನಿಂದರಬ್ಯಾಡ್ರಿ" ಅಂತ ಕೂಗುತ್ತಿದ್ದ. ತೋಪು ಹಾರಿಸುವ ಮುಂಚೆ ಶಿಳ್ಳೆ. ಅವನ ಪಾಳಿ ಬಂದ ದಿನ ಹುಲಿಗೆಮ್ಮನ ಕಾಲು ನಗುವಿಗೆ ಅಲುಗುತ್ತಿತ್ತು.

ಇನ್ನೊಬ್ಬ ಚುಕ್ಕಾಣಿ ದುಗ್ಗ. ಮಲ್ಪೆಯ ಕಡೆ ಮೀನಿನ ಬೋಟಿನಲ್ಲಿ ದುಡಿಯುವವನು. ಬೋಟು ಹೋದರೆ ವಾರಗಟ್ಟಲೆ ಸುದ್ದಿಯಿಲ್ಲ. ದಡಕ್ಕೆ ಬಂದಾಗ ಎರಡೇ ಸಾಲು: "ನೀರು ಕಪ್ಪಗಿದೆ. ಗಾಳಿ ಹಿಂದಿನಿಂದ. ಬಿಗಿಯಾಗಿ ಹಿಡಿದಿದ್ದೇನೆ." ಉಳಿದವರ ಪುಟಗಟ್ಟಲೆಯ ಯುದ್ಧಗಳಿಗಿಂತ ಆ ಎರಡು ಸಾಲು ಹುಲಿಗೆಮ್ಮನಿಗೆ ಹೆಚ್ಚು ಹಿಡಿಸುತ್ತಿತ್ತು. ಅದನ್ನು ಮತ್ತೆ ಮತ್ತೆ ಮೇಲೆ ಎಳೆದು ಓದುತ್ತಿದ್ದಳು. ಒಮ್ಮೆ ಅವನು ಅವಳಿಗಷ್ಟೇ ಕಾಣುವಂತೆ ಬರೆದ: "ನಾಯಕರೇ, ಬೋಟಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ ಮಾರಾಯ್ರೆ. ನನ್ನನ್ನು ಬಿಟ್ಟು ಹೋಗಬೇಡಿ, ಆಯ್ತಾ?" ಅವಳು ಒಂದೇ ಪದ ಬರೆದಳು: "ಬಿಡೂದಿಲ್ಲ."

ಅವನ ಕೊನೆಯ ಬರಹ ಶ್ರಾವಣ ಕಳೆದ ಮೇಲಿನದು. "ನಾಳೆ ಹೊರಡ್ತೇವೆ. ಬಂದು ಬರೀತೇನೆ."

ಮುಂದಿನ ಪಾಳಿ ಅವನದೇ. ಹಡಗು ನಿಂತಿತು.

ಮೊದಮೊದಲು ಯಾರಿಗೂ ಏನೂ ಅನ್ನಿಸಲಿಲ್ಲ, ಅವನು ತಡ ಮಾಡುವವನೇ. ದಸರೆ ಬಂತು, ಹೋಯಿತು. ಭತ್ತದ ಲಾರಿಗಳು ಸಾಲುಗಟ್ಟಿದವು, ಖಾಲಿಯಾದವು. ಲಾರಿ ಇಲ್ಲದಾಗ ಹುಲಿಗೆಮ್ಮ ಕರಾವಳಿಯ ಸುದ್ದಿ ತೆರೆದು ಓದುತ್ತಿದ್ದಳು. ಬೋಟು ಮಗುಚಿದ ಸುದ್ದಿ ಇರುತ್ತಿತ್ತು, ಸಿಕ್ಕವರ ಹೆಸರು, ಸಿಗದವರ ಹೆಸರು ಇರುತ್ತಿದ್ದವು. ಎಲ್ಲ ನಿಜವಾದ ಹೆಸರುಗಳು. ಅವಳಿಗೆ ಗೊತ್ತಿದ್ದದ್ದು ದುಗ್ಗ ಅಂತ ಮಾತ್ರ. ಅವನು ಸತ್ತಿರಬಹುದು. ಅಥವಾ ಬೇಸರ ಬಂದು ಬಿಟ್ಟಿರಬಹುದು, ಬೇರೆ ಯಾವುದೋ ಆಟಕ್ಕೆ ಹೋಗಿರಬಹುದು. ಎರಡೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ.

ಚುರುಕಿನ ಬೆರಳಿನ ಇಬ್ಬರು ಮೊದಲು ಇಳಿದುಹೋದರು. ಆಮೇಲೆ ಮತ್ತೊಬ್ಬ, "ನಾಯಕರೇ, ಅವನನ್ನು ಸಮುದ್ರಕ್ಕೆ ಬೀಳಿಸಿ ಮುಂದೆ ಹೋಗೋಣ" ಅಂತ ಬರೆದ. ಅವಳು ಒಪ್ಪಲಿಲ್ಲ. ಅವನೂ ಹೋದ. ಉಳಿದವರು ಹೇಳದೆಯೇ ಹೋದರು. ಸಂಕ್ರಾಂತಿ ಕಳೆದ ಮೇಲೆ ಹಡಗಿನಲ್ಲಿ ಉಳಿದದ್ದು ನಾಯಕ ಹುಲಿಯ ಮತ್ತು ತೋಪಿನ ಭರಮ.

ಒಂದು ಮಧ್ಯಾಹ್ನ ತೂಕದ ಮನೆಗೆ ಹೊಸ ಕಾಲು ಬಂದವು. ಸವೆದ ಖಾಕಿ ಕ್ಯಾನ್ವಾಸ್ ಬೂಟು. ಹೊಸ್ತಿಲನ್ನು ತಡವಿ ನೋಡಿ ಹೆಜ್ಜೆ ಒಳಗಿಟ್ಟವು.

"ಇಲ್ಲಿ ನಾಯಕ ಹುಲಿಯ ಅಂತ ಒಬ್ಬಾಂವ ಅದಾನೇನವ್ವಾ? ಅಂವ ಬರದದ್ದರಾಗ ಲಾರಿ, ತೂಕದ ಚೀಟಿ, ಕಾಲುವಿ ಪಾಳಿ ಭಾಳ ಬರ್ತಿದ್ವು. ಕಾರಟಗಿಯಿಂದ ಹಿಡಿದು ಒಂದೊಂದು ತೂಕದ ಮನಿ ಕೇಳ್ಕೋಂತ ಬಂದೀನಿ. ಎಲ್ಲರೂ ನನ್ನ ತಲಿ ಸರಿ ಇಲ್ಲ ಅಂದ್ರು."

ಹುಲಿಗೆಮ್ಮನ ಕಾಲು ಕುರ್ಚಿಯಿಂದ ಕೆಳಗಿಳಿದವು. "ನಾನ ರೀ ಅಜ್ಜಾ."

"ನೀನಾ?" ಅಜ್ಜನ ಬೂಟು ಒಂದು ಹೆಜ್ಜೆ ಹತ್ತಿರ ಬಂದವು. "ನಾ ತೋಪಿನ ಭರಮ. ನಿನಗ ನಾ 'ಏ ಗಡ್ಡದ ಮುದುಕಾ' ಅಂತ ಬೈದು ಬರದೀನಲ್ಲ!"

"ಎರಡು ಸಲ ಬೈದೀರಿ."

ಇಬ್ಬರೂ ನಕ್ಕರು. ಖಾಜಾಸಾಬ ಚಹಾ ತರಿಸಿದ. ಚಹಾ ಮುಗಿಯುವವರೆಗೆ ಅಜ್ಜ ಬಂದ ಕೆಲಸ ಹೇಳಲಿಲ್ಲ. ಆಮೇಲೆ ಹೇಳಿದ. ಸಕ್ಕರೆ ಕಾಯಿಲೆಗೆ ಒಂದು ಕಣ್ಣು ಆಗಲೇ ಹೋಗಿದೆ. ಇನ್ನೊಂದು ಹೋಗುತ್ತಿದೆ, ಡಾಕ್ಟರು ಕೈ ಚೆಲ್ಲಿದ್ದಾರೆ. "ದೊಡ್ಡಕ್ಷರ ಮಾಡಿಕೊಂಡು ಹೆಂಗೋ ಓದ್ತೀನಿ. ಪೂರಾ ಕತ್ತಲಾಗೂದ್ರೊಳಗ ಆ ಉಪ್ಪಿನದಿಬ್ಬ ಒಂದು ನೋಡಿಬಿಡಬೇಕು. ಮತ್ತೇನೂ ಬ್ಯಾಡ ನನಗ. ಹಡಗು ಬಿಡವ್ವಾ."

"ದುಗ್ಗನ ಪಾಳಿ ಐತಲ್ಲ ಅಜ್ಜಾ."

"ಅಂವ ಬರಂಗಿಲ್ಲ."

"ಬರಂಗಿಲ್ಲ ಅಂತ ನಿಮಗ ಯಾರು ಹೇಳ್ಯಾರ?" ಅವಳ ದನಿ ಏರಿತು, ಮತ್ತೆ ಇಳಿಯಿತು. "ನಮ್ಮಪ್ಪ ಒಂದು ಸಲ ನಮ್ಮ ಸೋದರಮಾವ ತೀರಿದಾಗ ಮಣ್ಣಿಗೆ ಹೋಗಿದ್ದ. ನಮ್ಮ ನೀರಿನ ಪಾಳಿ ಅವತ್ತ ಬಂತು. ಇವನಂತೂ ಊರಾಗಿಲ್ಲ ಅಂತ ಮ್ಯಾಲಿನ ಹೊಲದವರು ತೂಬು ತಮ್ಮ ಕಡೆ ತಿರುವಿಕೊಂಡ್ರು. ಅಪ್ಪ ಜಗಳಾಡಲಿಲ್ಲ. 'ಇಲ್ಲದಾವನ ಪಾಳಿ ಯಾರೂ ಕಾಯಂಗಿಲ್ಲ ಬಿಡು' ಅಂದ, ಅಷ್ಟ. ಆ ಮಾತು ಹೇಳುವಾಗ ಅಪ್ಪನ ಮುಖ ನಾ ನೋಡೀನಿ ಅಜ್ಜಾ. ದುಗ್ಗನ ಪಾಳಿ ನಾ ಹೆಂಗ ಕಸಗೊಳ್ಳಲಿ?"

ಅಜ್ಜ ಖಾಲಿ ಲೋಟವನ್ನು ನನ್ನ ತಲೆಯ ಮೇಲೆ ಇಟ್ಟ. "ಮೂವತ್ತು ವರ್ಷ ಶಿಳ್ಳೆ ಊದೀನವ್ವಾ. ಓಡಿ ಬರೋ ಒಬ್ಬನ ಸಲುವಾಗಿ ಬಸ್ ನಿಲ್ಲಸೀನಿ, ಇಲ್ಲಂತಲ್ಲ. ಡ್ರೈವರ್ ಕಡಿಂದ ಬೈಸ್ಕೊಂಡೀನಿ. ಆದ್ರ ಎಷ್ಟೊತ್ತು ನಿಲ್ಲಸ್ತೀ? ಒಳಗ ಕುಂತಾವರಿಗೂ ಊರು ಇರ್ತಾವ."

ಅವಳು ಲೋಟವನ್ನು ಎತ್ತಿ ಪಕ್ಕಕ್ಕಿಟ್ಟಳು. ಬೇಸಗೆಗೆ ಕಾಲುವೆಯ ನೀರು ನಿಲ್ಲಿಸುವವರೆಗೆ ಕಾಯೋಣ, ಅಷ್ಟರೊಳಗೆ ದುಗ್ಗ ಬರದಿದ್ದರೆ ಹಡಗು ಬಿಡುತ್ತೇನೆ ಅಂದಳು. ಅಜ್ಜ ಒಪ್ಪಿದ. ಅವನನ್ನು ಖಾಜಾಸಾಬನೇ ಬಸ್ಸಿಗೆ ಹತ್ತಿಸಿ ಬಂದು, "ನಿನ್ನ ಕಡಲ್ಗಳ್ಳ ಬಸ್ಸಿನಾಗ ಕಂಡಕ್ಟರಗ ಹೆಂಗ ಟಿಕೆಟ್ ಹರೀಬೇಕಂತ ಪಾಠ ಮಾಡಾಕತ್ತಾನ" ಅಂದ. ಅವಳು ನಗಲಿಲ್ಲ.

ಕಾಲುವೆಯ ನೀರು ನಿಂತಿತು. ದುಗ್ಗ ಬರಲಿಲ್ಲ.

ಆದರೂ ಅವಳ ಕೈ ಏಳಲಿಲ್ಲ. ಬೆಳಿಗ್ಗೆ ಬಂದು ಕೂತು ಬರೆಯುವಳು. "ದುಗ್ಗ ಚುಕ್ಕಾಣಿಯನ್ನು" ಅಂತ ಬರೆದು ಅಳಿಸುವಳು. "ದುಗ್ಗನಿಗೆ ಜ್ವರ ಬಂದು" ಅಂತ ಬರೆದು ಅಳಿಸುವಳು. ಆ ಅಕ್ಷರಗಳೆಲ್ಲ ನನ್ನ ಮೈಮೇಲೆ ಇರುವೆಯ ಹಾಗೆ ಹತ್ತಿ ಇಳಿದವು. ಬಿಸಿಲು ಏರಿತು. ನಾನು ಕಾದು ನಡುನಡುವೆ ನಿಂತುಹೋಗುತ್ತಿದ್ದೆ. ಅವಳು ಸೆರಗಿನಿಂದ ನನ್ನ ಬೆನ್ನಿನ ಧೂಳು ಒರೆಸಿ ಮತ್ತೆ ಹಚ್ಚುತ್ತಿದ್ದಳು. ಅವಳು ಯಾರನ್ನು ಕಾಯುತ್ತಿದ್ದಳೆಂದು ನನಗೆ ಗೊತ್ತು. ಯಾರು ಅವಳನ್ನು ಕಾಯುತ್ತಿದ್ದರೆಂದೂ ಗೊತ್ತು. ಹೇಳಲು ನನಗೆ ಬಾಯಿಲ್ಲ.

ಮುಂಗಾರಿನ ಮೊದಲ ಗುಡುಗು ಕೇಳಿದ ದಿನ ಬರೆದಳು. "ದುಗ್ಗ ಚಿಕ್ಕ ದೋಣಿ ಇಳಿಸಿಕೊಂಡು ತನ್ನ ಊರಿನ ದಿಕ್ಕಿಗೆ ಹೋದ. ಅವನ ಕೈಯಲ್ಲಿ ನೀರಿತ್ತು, ರೊಟ್ಟಿಯಿತ್ತು. ಚುಕ್ಕಾಣಿಯನ್ನು ನಾನು ಹಿಡಿದೆ. ಉಪ್ಪಿನದಿಬ್ಬ ಕಾಣುತ್ತಿದೆ. ಭರಮಾ, ತೋಪು ಹಾರಿಸಿ ದಡಕ್ಕೆ ಸುದ್ದಿ ಕೊಡು." ಕಳಿಸಿದ ಮೇಲೆ ಸಂಜೆಯವರೆಗೆ ಆ ಪುಟ ಮುಚ್ಚಲಿಲ್ಲ.

ಭರಮನಿಂದ ಶಿಳ್ಳೆ ಬರಲಿಲ್ಲ. ಮಳೆ ಹಿಡಿದ ಮೇಲೆ ಅವನ ಹೆಸರಿನಲ್ಲಿ ಒಂದು ಬರಹ ಬಂತು. ಅವನದಲ್ಲ. "ನಾನು ಸೊಸೆ ಬರೆಯುತ್ತಿದ್ದೇನೆ. ಮಾವನವರಿಗೆ ಬ್ಯಾಸಗಿಯಲ್ಲೇ ಕಣ್ಣು ಪೂರಾ ಹೋದವು. ಹಡಗು ಹೊರಟಿದೆಯಂತೆ, ಓದಿ ಹೇಳಲೇನು ಅಂದೆ. ಇಷ್ಟು ದಿನ ಅವರೇ ಹೊರಟಿತೇನು ಅಂತ ದಿನಾ ಕೇಳುತ್ತಿದ್ದರು. ಈಗ ಬ್ಯಾಡ, ಮುಚ್ಚು ಅಂದರು. ತಪ್ಪು ತಿಳಿಯಬೇಡಿ."

ಹುಲಿಗೆಮ್ಮ ಅದನ್ನು ಓದಿ ಎದ್ದುಹೋದಳು. ಹೊರಗೆ ಒಬ್ಬ ಡ್ರೈವರ್ ಚೀಟಿಗಾಗಿ ಹಾರ್ನ್ ಹೊಡೆಯುತ್ತಲೇ ಇದ್ದ. ಆಮೇಲೆ ಬಂದು ಕೂತು ಭರಮನ ಪಾಳಿಯನ್ನು ತಾನೇ ಬರೆಯಲು ನೋಡಿದಳು. "ಒಳಗ ಸರೀರಿ" ಅಂತ ಬರೆದಳು. ಅದು ಅವನ ಮಾತಿನ ಹಾಗೆ ಕೇಳಲಿಲ್ಲ. ಅಳಿಸಿದಳು. ಮತ್ತೆ ಆ ಪುಟ ತೆರೆಯಲಿಲ್ಲ.

ಗಿರಣಿಗೆ ತಾನೇ ಚೀಟಿ ಕೊಡುವ ಹೊಸ ಯಂತ್ರ ಬಂತು. ಅದಕ್ಕೆ ಮೇಜೂ ಬೇಡ, ಕುರ್ಚಿಯಲ್ಲಿ ಮನುಷ್ಯರೂ ಬೇಡ. ಹುಲಿಗೆಮ್ಮ ಹತ್ತಿಯ ಬೀಜ ಬಿಡಿಸುವ ಜಿನ್ನಿಗೆ ಕೆಲಸಕ್ಕೆ ಹೋದಳು. ನನ್ನನ್ನೂ ಪರದೆಯನ್ನೂ ಹಳೆಯ ಗೋದಾಮಿನ ಮೂಲೆಯಲ್ಲಿ, ಹರಿದ ಗೋಣಿಚೀಲಗಳ ಪಕ್ಕ ಇಟ್ಟರು. ಇಲಿಗಳು ನನ್ನ ತಂತಿಗಳ ರುಚಿ ನೋಡಿದವು.

ಮುಂದಿನ ಸುಗ್ಗಿಯ ಹೊತ್ತಿಗೆ ಒಂದು ದಿನ ಆ ಒಡೆದ ಹಿಮ್ಮಡಿಗಳು ಗೋದಾಮಿಗೆ ಬಂದವು. ಜೊತೆಗೆ ಗಿರಣಿಯ ಗುಮಾಸ್ತ ಪಂಪಣ್ಣನ ಚಪ್ಪಲಿ.

"ಇದನ್ನ ಹಚ್ಚಿ ಏನು ಮಾಡ್ತೀಯವ್ವಾ? ಗುಜರಿಯಾಂವ ನಾಳೆ ನಾಡಿದ್ದು ಒಯ್ಯಾಂವ."

"ನಮ್ಮ ಗುರ್ತಿನ ಅಜ್ಜ ಒಬ್ಬರು ತೀರಿಕೊಂಡ್ರು ಪಂಪಣ್ಣಾ. ಲಿಂಗಸುಗೂರು ಕಡೆ ಲಾರಿಯವರು ಹೇಳಿದ್ರು. ಅವರ ಸಲುವಾಗಿ ಒಂದೀಟು ಬರದು ಮುಗಸಬೇಕಿತ್ತು. ಮೊಬೈಲಿನಾಗ ನೋಡಿದ್ರ ಆ ಜಾಗಾನ ಮುಚ್ಚಿಬಿಟ್ಟಾರ. ಇದರಾಗರ ಉಳದಿರಬಹುದು ಅಂತ ಬಂದೆ."

ಹಚ್ಚಿದರು. ನಾನು ಎದ್ದೆ. ಅವಳು ಹುಡುಕಿದಳು, ನನ್ನ ಒಂದೊಂದು ಕೋಣೆಯನ್ನೂ ತೆರೆದು ನೋಡಿದಳು. ಲಾರಿಗಳ ತೂಕವಿತ್ತು, ಹಳೆಯ ಚೀಟಿಗಳಿದ್ದವು. ಹಡಗು ಇರಲಿಲ್ಲ. ಅದು ಎಂದೂ ನನ್ನೊಳಗೆ ಇರಲಿಲ್ಲ. ದೂರದಲ್ಲಿ ಎಲ್ಲೋ ಇತ್ತು, ನಾನು ಅದಕ್ಕೆ ಒಂದು ಕಿಟಕಿ ಅಷ್ಟೇ. ಇದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಧೂಳು ಒರೆಸಿದ್ದು ಹಡಗಿನ ಮೈಯದೇ ಅಂತ ತಿಳಿದಿದ್ದಳೋ ಏನೋ.

"ಸಿಕ್ಕಿತೇನು?" ಪಂಪಣ್ಣ ಕೇಳಿದ.

"ಇಲ್ಲ."

"ಏನಿತ್ತು ಅದರಾಗ, ಅಂಥಾದ್ದು?"

"ಏನಿಲ್ಲ. ಇಬ್ಬರು ಇದ್ರು."

ನಾನು ಬಹಳ ಭಾರಗಳನ್ನು ಕಂಡವನು. ಲಾರಿ ಬಂದು ನಿಂತರೆ ಎಷ್ಟೆಂದು ಹೇಳಬಲ್ಲೆ. ಹುಲಿಗೆಮ್ಮ ಇಬ್ಬರಲ್ಲಿ ಒಬ್ಬನಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಹೋಗಿ ಇನ್ನೊಬ್ಬನಿಗೆ ಕೊಟ್ಟದ್ದನ್ನು ಕಳೆದಳು, ಕೊನೆಗೆ ಎರಡೂ ಉಳಿಯಲಿಲ್ಲ. ತಪ್ಪು ಎಲ್ಲಿಯದೆಂದು ಈ ಮೂಲೆಯಲ್ಲಿ ಕೂತು ಎಷ್ಟು ಯೋಚಿಸಿದರೂ ನನಗೆ ಸಿಕ್ಕಿಲ್ಲ.

ಪಂಪಣ್ಣ ವೈರು ಕೀಳಲು ಬಗ್ಗಿದ. "ತಡಿ, ಹಂಗ ಕೀಳಬ್ಯಾಡ, ಕೆಡ್ತೈತಿ" ಅಂದಳು. ಸರಿಯಾದ ಕ್ರಮದಲ್ಲಿ ಒಂದೊಂದೇ ಮುಚ್ಚಿ, ಪರದೆ ಕಪ್ಪಾಗುವವರೆಗೆ ನಿಂತು, ಆಮೇಲೆ ಸ್ವಿಚ್ ಆರಿಸಿ ಹೋದಳು.