ಹೊಲಿಗೆ ಡಬ್ಬಿಯ ಫೋರ್ಕ್

ನಮ್ಮ ಮನೆಯಲ್ಲಿ ಫೋರ್ಕ್ ಹಿಡಿದು ಯಾರೂ ಉಣ್ಣುವುದಿಲ್ಲ. ಇರುವುದೇ ಒಂದು, ಅದೂ ಅತ್ತೆಯವರ ಹೊಲಿಗೆ ಡಬ್ಬಿಯಲ್ಲಿ ಬಿದ್ದಿರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆರು ವರ್ಷ, ಕಂಡಾಗಲೆಲ್ಲ ಅದನ್ನು ಗಸಗಸ ಉಜ್ಜಿ ಅಡುಗೆಮನೆಯಲ್ಲಿ ಚಮಚಗಳ ಜೊತೆ ಇಡುತ್ತಿದ್ದೆ. ಎರಡು ದಿನದಲ್ಲಿ ಅದು ಮತ್ತೆ ಡಬ್ಬಿ ಸೇರುತ್ತಿತ್ತು. ಪಾಪ, ಅತ್ತೆಗೆ ಅರಳುಮರಳು ಶುರುವಾಗಿದೆ ಎಂದು ನಾನೇ ತೀರ್ಮಾನ ಮಾಡಿದ್ದೆ.

ನಿನ್ನೆ ಮಧ್ಯಾಹ್ನ ಮಗಳ ಫ್ರಾಕಿಗೆ ನೆರಿಗೆ ಹಿಡಿಯಲು ಕೂತೆ. ಸ್ಕೇಲಿಟ್ಟು ಅಳೆದರೂ ಒಂದು ದಪ್ಪ, ಒಂದು ಸಣ್ಣ. ಮೂರನೇ ಸಲ ಬಿಚ್ಚುವಾಗ ತಲೆ ಕೆಟ್ಟು ಬಟ್ಟೆಯನ್ನೇ ಮೂಲೆಗೆಸೆದೆ.

ಅತ್ತೆ ಅದನ್ನು ಎತ್ತಿಕೊಂಡರು. ಡಬ್ಬಿಯಿಂದ ಫೋರ್ಕ್ ತೆಗೆದು, ಅದರ ಹಲ್ಲುಗಳ ನಡುವೆ ಬಟ್ಟೆಯ ಅಂಚು ತೂರಿಸಿ, ಒಂದು ಸುತ್ತು ತಿರುಗಿಸಿದರು. ಮಡಿಕೆಗೆ ಗುಂಡುಸೂಜಿ ಚುಚ್ಚಿ ಫೋರ್ಕನ್ನು ಎಳೆದುಕೊಂಡರು. ಹಾಗೇ ಇನ್ನೊಂದು, ಮತ್ತೊಂದು. ಎಲ್ಲವೂ ಅಚ್ಚು ಹಾಕಿದಂಥ ನೆರಿಗೆಗಳು. ನಾನು ಅವುಗಳ ಮೇಲೆ ಹೊಲಿಗೆ ಮಿಷನ್ ತುಳಿದೆ.

ಮುಗಿದ ಮೇಲೆ ಕೇಳಿದೆ: "ಅತ್ತೆ, ಇದನ್ನ ಅಷ್ಟು ಸಲ ಅಡುಗೆಮನೆಗೆ ಎತ್ತಿಟ್ಟೆನಲ್ಲ, ಒಂದು ಸಲನಾದ್ರೂ ಬೈಬಾರದಿತ್ತಾ?"

"ಯಾಕೆ ಬೈಲಿ?" ಅವರು ಫೋರ್ಕಿನ ಹಲ್ಲುಗಳ ಮೇಲೆ ಬೆರಳಾಡಿಸಿದರು. "ಮೊದಲು ಇದು ತರಿತರಿಯಾಗಿತ್ತು, ಬಟ್ಟೆಯ ಎಳೆ ಕೀಳ್ತಿತ್ತು. ನೀನು ಉಜ್ಜಿ ಉಜ್ಜಿನೇ ಇಷ್ಟು ನುಣುಪಾಗಿರೋದು ಕಣಮ್ಮ."

ಸಂಜೆ ಪಾತ್ರೆಗಳ ಜೊತೆ ಅದನ್ನೂ ಉಜ್ಜಿದೆ. ಸೆರಗಿನಲ್ಲಿ ಒರೆಸಿ, ಹೊಲಿಗೆ ಡಬ್ಬಿಯಲ್ಲೇ ಇಟ್ಟೆ.