ಒಲೆಯ ಜಾಗ

"ಅಮ್ಮಾ, ಹಾದಿ ಬಿಟ್ಟು ಇಳೀಬೇಡ, ಕೈ ಮುಗಿತೀನಿ," ಎಂದು ಗೈಡು ಪಿಸುಗುಟ್ಟಿದಳು.

ಅವಳ ಹಿಂದೆ ಒಂಬತ್ತು ಪ್ರವಾಸಿಗರಿದ್ದರು. ಹತ್ತನೆಯವಳು ಅವಳನ್ನು ಹೆತ್ತ ತಾಯಿ. ಎಲ್ಲರಂತೆ ಟಿಕೆಟ್ ಕೊಂಡು, ಮಣಿಕಟ್ಟಿಗೆ ಹಳದಿ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದಳು. ಕಾಡಿಗೆ ಬೇಲಿ ಹಾಕಿ, ಒಳಗೆ ವಾಸವಿದ್ದ ಇವರ ಜನರನ್ನೆಲ್ಲ ಹೊರಗಿನ ಕಾಲೊನಿಗೆ ಸಾಗಿಸಿ ಮೂವತ್ತೊಂದು ವರ್ಷವಾಗಿತ್ತು. ಆಮೇಲೆ ಅವಳು ಹುಟ್ಟಿದ ನೆಲಕ್ಕೆ ಕಾಲಿಟ್ಟದ್ದು ಇವತ್ತೇ. ಗೇಟಿನಲ್ಲಿ ಕಾವಲುಗಾರ "ಯಾವೂರು ಬರೀಲಿ ಅಜ್ಜಿ?" ಎಂದು ಎರಡು ಸಲ ಕೇಳಿದ್ದ. ಮುದುಕಿ ಬೇಲಿಯಾಚೆಯ ಕಾಡನ್ನೇ ನೋಡುತ್ತಿದ್ದಳು. ಅವನು ಪುಸ್ತಕದಲ್ಲಿ ಆ ಜಾಗ ಖಾಲಿ ಬಿಟ್ಟು ಮುಂದಿನವರನ್ನು ಕರೆದಿದ್ದ.

ಗೈಡು ಮೂರು ಕಲ್ಲುಗಳ ಮುಂದೆ ನಿಂತು, ಆರು ವರ್ಷದಿಂದ ಬಾಯಿಪಾಠವಾಗಿದ್ದ ಮಾತು ಶುರು ಮಾಡಿದಳು. "ಇದು ನಮ್ಮಜ್ಜಿ ಅಡುಗೆ ಮಾಡ್ತಿದ್ದ ಒಲೆ..."

"ಯಾರ ಒಲೇನೇ?" ಮುದುಕಿಗೆ ನಗು ತಡೆಯಲಾಗಲಿಲ್ಲ. "ಇಲ್ಲಿ ನಾಯಿ ಕಟ್ತಿದ್ವಿ. ನಮ್ಮವರು ಮನೆ ಬಿಟ್ಟು ಹೋಗುವಾಗ ಒಲೆ ಕಲ್ಲು ಬಿಟ್ಟು ಹೋಗ್ತಾರಾ? ಅಲ್ಲಿ ಕಾಲೊನಿ ಮನೇಲಿ ನೀರಿನ ಡ್ರಮ್ಮು ಯಾವ ಕಲ್ಲಿನ ಮೇಲೆ ಕೂತಿದೆ ಅಂದ್ಕೊಂಡಿದ್ದೀಯ?"

ಪ್ರವಾಸಿಗರು ಗೊಳ್ಳೆಂದು ನಕ್ಕರು. ಗೈಡಿನ ಮುಖ ಸಣ್ಣಗಾಯಿತು. ಕಾಲೊನಿಯಲ್ಲೇ ಹುಟ್ಟಿ, ಗ್ಯಾಸಿನ ಒಲೆ ನೋಡಿ ಬೆಳೆದವಳು ಅವಳು. ದಿನಾ ಬೆಳಿಗ್ಗೆ ಆ ಡ್ರಮ್ಮಿನಿಂದಲೇ ನೀರು ಮೊಗೆದು ಮುಖ ತೊಳೆಯುತ್ತಿದ್ದಳು. ಕಲ್ಲಿನ ಕಡೆ ಒಂದು ದಿನವೂ ನೋಡಿರಲಿಲ್ಲ.

ಅಷ್ಟರಲ್ಲಿ ಮುದುಕಿ ಹಾದಿಯಂಚಿನ ಹಗ್ಗ ದಾಟಿ ಇಳಿದೇ ಬಿಟ್ಟಿದ್ದಳು. ಯಾರಾದರೂ ಹಾದಿ ಬಿಟ್ಟರೆ ಸೀಟಿ ಊದಬೇಕು. ಊದದ ತಪ್ಪಿಗೆ ಹೋದ ತಿಂಗಳು ಜೊತೆಯವಳೊಬ್ಬಳ ಕೆಲಸ ಹೋಗಿತ್ತು. ಮನೆಯಲ್ಲಿ ಸಂಬಳ ತರುವವಳು ತಾನೊಬ್ಬಳೇ. ಗೈಡು ಸೀಟಿಯನ್ನು ತುಟಿಗಿಟ್ಟುಕೊಂಡಳು.

ಮುದುಕಿ ಒಂದು ಮರದ ಬುಡದಿಂದ ಹೆಜ್ಜೆ ಎಣಿಸುತ್ತಾ ಹೋಗಿ, ಒಂದು ಕಡೆ ಕುಕ್ಕರಗಾಲಲ್ಲಿ ಕೂತು, ತರಗೆಲೆ ಸರಿಸಿ, ಕಡ್ಡಿಯಿಂದ ಕೆದಕತೊಡಗಿದಳು. ಸುತ್ತಲ ಮಣ್ಣು ಕೆಂಪು. ಅವಳ ಕೈಗೆ ಬಂದದ್ದು ಕಪ್ಪು, ಹಳೆಯ ಒಲೆಯ ಇದ್ದಿಲು ಬೆರೆತದ್ದು.

ಗೈಡು ಆ ಕಪ್ಪನ್ನು ನೋಡಿದಳು. ಸೀಟಿ ಕೆಳಗಿಳಿಸಿದಳು.

"ಎಲ್ಲಿಗೆ ಹೋದ್ರು ಅವರು? ನಾವೂ ಹೋಗಬಹುದಾ?" ಟೋಪಿಯವನೊಬ್ಬ ಕೇಳಿದ.

"ಇಲ್ಲ ಸರ್. ನೀವು ಹಾದಿ ಮೇಲೇ ಇರಿ."

ಮುದುಕಿ ತನಗೆ ಬೇಕಾದಷ್ಟು ಹೊತ್ತು ಕೂತಿದ್ದು, ತರಗೆಲೆ ಮತ್ತೆ ಮುಚ್ಚಿ ಎದ್ದು ಬಂದಳು. "ನಾಳೆನೂ ಆ ಕಲ್ಲುಗಳನ್ನೇ ತೋರಿಸು," ಎಂದಳು ಮಗಳ ಕಿವಿಯಲ್ಲಿ. "ನೋಡೋಕೆ ಚೆನ್ನಾಗಿವೆ."

ಗೇಟಿನಲ್ಲಿ ಕಾವಲುಗಾರ ಅವಳ ಕೈಕಾಲು ನೋಡಿ ಹುಬ್ಬೇರಿಸಿದ. "ಅಜ್ಜಿ ಹಾದಿ ಬಿಟ್ಟಿದ್ರಾ?"

"ಹೂಂ. ನಾನು ಸೀಟಿ ಊದಲಿಲ್ಲ. ಬರ್ಕೊಳ್ಳಿ," ಎಂದಳು ಗೈಡು.

ಅವನು ಏನೂ ಬರೆಯದೆ ಪುಸ್ತಕ ತಿರುಗಿಸಿ, ಹೊರಹೋಗುವ ಗುರುತಿನ ಹೆಬ್ಬೆಟ್ಟಿಗೆಂದು ಶಾಯಿಯ ಡಬ್ಬಿ ಮುಂದೆ ಚಾಚಿದ. ಮುದುಕಿ ಅದನ್ನು ಮುಟ್ಟಲಿಲ್ಲ. "ಊರು ಅಂತ ಎಲ್ಲಿ ಬರೆದಿದೆ?" ಎಂದು ಮಗಳನ್ನು ಕೇಳಿದಳು. ಮಗಳು ತೋರಿಸಿದಳು. ಆ ಖಾಲಿ ಜಾಗದಲ್ಲಿ ಅವಳು ಇದ್ದಿಲ ಮಸಿ ಮೆತ್ತಿದ್ದ ಹೆಬ್ಬೆಟ್ಟನ್ನು ಊರಿ, ಸ್ವಲ್ಪ ಹೊತ್ತು ಹಾಗೇ ಒತ್ತಿ ಹಿಡಿದಳು.